ಶೋ ಮುಗಿದ ಮೇಲೆ

ಪ್ರೀತಿಯ ಸಿಂಚನಾ,

ನಿನ್ನ ಪತ್ರ ಬಂತು. ಹೊಸ ಮನೆ, ಬಾಡಿಗೆ, ಮಂಗಳೂರಿನ ಮಳೆ, ಖಾಸಗಿ ಎಫ್‌ಎಂ ರೇಡಿಯೋದಲ್ಲಿ ನಿನ್ನ ಬೆಳಗಿನ ಶೋ, ಎಲ್ಲ ಓದಿದೆ. ನಡುವೆ ಒಂದು ಸಾಲು ಬರೆದಿದ್ದೀಯಲ್ಲ, "ಹನ್ನೊಂದಕ್ಕೆ ಶೋ ಮುಗಿದ ಮೇಲೆ ಯಾರ ಜೊತೆಗೂ ಮಾತೇ ಬೇಡ ಅನ್ನಿಸುತ್ತೆ ದೊಡ್ಡಮ್ಮ, ಅಮ್ಮನ ಫೋನ್ ಬಂದರೂ ಎತ್ತೋದಿಲ್ಲ" ಅಂತ. ಅದು ಮಾತ್ರ ನನ್ನನ್ನು ಬಿಡಲಿಲ್ಲ. ರಾತ್ರಿ ಎದ್ದು ಮತ್ತೆ ಓದಿದೆ.

ಸುಸ್ತು ಕಣೆ, ಸರಿಹೋಗುತ್ತದೆ ಅಂತ ಬರೆದುಬಿಡಬಹುದಿತ್ತು. ನಾಲ್ಕಕ್ಕೆ ಏಳುವವರಿಗೆ ಸುಸ್ತು ಇದ್ದೇ ಇರುತ್ತದೆ. ಆದರೆ ಸುಸ್ತಾದವರು ಅಮ್ಮನ ಹತ್ತಿರವೇ ಹೋಗುತ್ತಾರೆ, ಅಲ್ವಾ? ನೀನು ಅವಳಿಂದಲೇ ದೂರ ಸರಿಯುತ್ತಿದ್ದೀಯ. ಹೆದರಿಕೆ ಆಗಿದ್ದು ಅದಕ್ಕೆ.

ನಾನಿದ್ದ ಮೈಸೂರು ಆಕಾಶವಾಣಿಯಲ್ಲಿ, ನಮ್ಮ ಯಾದವಗಿರಿಯ ಬೆಳಗಿನ ಡ್ಯೂಟಿಯಲ್ಲಿ, ಮಾತು ಕಡಿಮೆ ಇತ್ತು. ನನ್ನಂಥ ಕ್ಯಾಶುಯಲ್ ಅನೌನ್ಸರ್‌ಗೆ, ಅಂದರೆ ಕಾಯಂ ಅಲ್ಲದ ಉದ್ಘೋಷಕಿಗೆ, ತಿಂಗಳಿಗೆ ಆರು ಡ್ಯೂಟಿ ಮೀರುತ್ತಿರಲಿಲ್ಲ. ಸಿಗ್ನೇಚರ್ ಟ್ಯೂನ್, ವಂದೇ ಮಾತರಂ, ಭಕ್ತಿಗೀತೆ, ಚಿಂತನ. 6.55ಕ್ಕೆ ದೆಹಲಿಯ ಸಂಸ್ಕೃತ ವಾರ್ತೆ ಶುರುವಾದರೆ ಸುಮ್ನೆ ಕೂರಬಹುದಿತ್ತು. ಆಮೇಲೆ ಬೆಂಗಳೂರಿನಿಂದ ಪ್ರದೇಶ ಸಮಾಚಾರ. ನಾವು ಹೇಳಬೇಕಾದದ್ದೆಲ್ಲ ಕ್ಯೂ ಶೀಟಿನಲ್ಲಿ, ಅಂದರೆ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ, ಇರುತ್ತಿತ್ತು. ದನಿ ನಮ್ಮದು, ಮಾತು ನಿಲಯದ್ದು.

ನಿನಗೆ ಆ ಅನುಕೂಲ ಇಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾದಾಗಿನಿಂದಲೂ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವ ಹಾಗಿಲ್ಲ. ಹಾಡು, ಜಾಹೀರಾತು ಹೋಗಿ ಉಳಿದ ಜಾಗವನ್ನೆಲ್ಲ ನಿನ್ನ ಮಾತೇ ತುಂಬಬೇಕು. ಪಂಪ್‌ವೆಲ್ ಟ್ರಾಫಿಕ್ ಎಷ್ಟು ದಿನ ಅಂತ ಹೇಳುವುದು? ಕೊನೆಗೆ ನಿನ್ನ ಬದುಕನ್ನೇ ತೆಗೆದು ಕೊಡಬೇಕು. ಅಮ್ಮ ಕಳಿಸಿದ ಉಪ್ಪಿನಕಾಯಿ, ಅಪ್ಪನ ಹಳೇ ಸ್ಕೂಟರ್, ನಿನ್ನ ಮದುವೆ ವಿಷಯಕ್ಕೆ ಆದ ಜಗಳ, ಎಲ್ಲವನ್ನೂ ನೀನು ಕಳಿಸಿದ ತುಣುಕುಗಳಲ್ಲಿ ಕೇಳಿದ್ದೇನೆ. ಚೆನ್ನಾಗಿಯೇ ಹೇಳುತ್ತೀಯ. ಆದರೆ ನನಗೆ ಅನ್ನಿಸುವುದು ಇದು: ಅಮ್ಮನ ಫೋನ್ ಬಂದ ಕೂಡಲೇ, ನಾಳೆಯ ಶೋಗೆ ಇದರಲ್ಲಿ ಏನು ಸಿಗುತ್ತದೆ ಅಂತ ನಿನ್ನ ಮನಸ್ಸು ಹುಡುಕಲು ಶುರು ಮಾಡುತ್ತದೆ. ಅದು ನಿನಗೇ ಹಿಡಿಸುತ್ತಿಲ್ಲ. ಅದಕ್ಕೇ ಎತ್ತುತ್ತಿಲ್ಲ. ನನ್ನ ಊಹೆ ತಪ್ಪಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ನನ್ನ ಮೌನ ಬೇರೆ ತರಹದ್ದು. ಜನಪದ ಗೀತೆಗಳ ಟೇಪ್ ಹಾಕುವ ಮುಂಚೆ ಹಾಡಿದವರ ಹೆಸರು, ಊರು ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದೆ! ಮನೆಗೆ ಬಂದರೆ ನಿನ್ನ ಅಜ್ಜಿ, "ಇವತ್ತು ಚೆನ್ನಾಗಿ ಹೇಳ್ದೆ ಕಣೆ" ಅನ್ನುವರು. ಹೂಂ ಅಂದು ಮಲಗಿಬಿಡುತ್ತಿದ್ದೆ. ಅವರಿಗೆ ರಾತ್ರಿಯಿಡೀ ಹೇಳುವಷ್ಟು ಸೋಬಾನೆ ಪದ ಬರುತ್ತಿತ್ತು. ಒಂದನ್ನೂ ಬರೆದುಕೊಳ್ಳಲಿಲ್ಲ. ಈಗ ಅಡುಗೆಮನೆಯಲ್ಲಿ ಯಾವುದೋ ಪದದ ಮೊದಲ ಸಾಲು ನೆನಪಾಗುತ್ತದೆ, ಎರಡನೆಯದು ಬರುವುದಿಲ್ಲ. ನಿನ್ನ ಅಮ್ಮನಿಗೂ ಬರುವುದಿಲ್ಲವಂತೆ. ಇನ್ನು ಯಾರನ್ನು ಕೇಳಲಿ?

ಇದೇ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರೊಫೆಸರ್. ಅಂಥವರು ನಿನಗೆ ಸರಿಯಾದ ಉತ್ತರ ಹೇಳುತ್ತಿದ್ದರೋ ಏನೋ. ನನಗೆ ತೋಚಿದ್ದು ಇಷ್ಟೇ. ಮೈಕಿಗೆ ಕೊಡದ ಮಾತು ಅಂತ ಸ್ವಲ್ಪ ಇಟ್ಟುಕೋ. ಅಮ್ಮ ಹೇಳಿದ್ದು ಇನ್ನು ಶೋಗೆ ಬರುವುದಿಲ್ಲ ಅಂತ ನಿನ್ನ ಪ್ರೋಗ್ರಾಮಿಂಗ್ ಹೆಡ್‌ಗೆ ಹೇಳಲು ಆಗುತ್ತದಾ? ಕೆಲಸಕ್ಕೆ ತೊಂದರೆ ಅನ್ನಿಸಿದರೆ ಅವರಿಗೆ ಹೇಳಬೇಡ, ನಿನ್ನಲ್ಲೇ ನಿಶ್ಚಯ ಮಾಡಿಕೋ. ಕಥೆ ಸಾಲದಿದ್ದರೆ ನನ್ನದು ತಗೋ, ನನಗೇನೂ ಬೇಸರವಿಲ್ಲ.

ಹನ್ನೊಂದಕ್ಕೇ ಫೋನ್ ಎತ್ತಬೇಕು ಅಂತಿಲ್ಲ. ಊಟ ಮಾಡು, ಮಲಗು, ಸಂಜೆ ನೀನೇ ಮಾಡು. ಮಾತಾಡಲೇಬೇಕು ಅಂತಲೂ ಇಲ್ಲ. ಅವಳು ಹೇಳಲಿ, ನೀನು ಕೇಳು. ದಿನವಿಡೀ ಹೇಳುವವರಿಗೆ ಕೇಳುವುದೇ ವಿಶ್ರಾಂತಿ ಆಗಬಹುದು. ನಾನು ಅದನ್ನು ಮಾಡಿ ನೋಡಲಿಲ್ಲ, ಹಾಗಾಗಿ ಖಂಡಿತ ಅಂತ ಹೇಳಲಾರೆ.

ದನಿ ಒಡೆದಿದೆ ಅಂತಲೂ ಬರೆದಿದ್ದೀಯ. ಪಿಸುಗುಟ್ಟಬೇಡ, ಅದರಿಂದ ಗಂಟಲಿಗೆ ಶ್ರಮ ಜಾಸ್ತಿ. ನೀರು ಕುಡಿಯುತ್ತಿರು. ಮೂರು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸು.

ನೀನು ಬರೆದ ಸಾಲನ್ನು ನಿನ್ನ ಅಮ್ಮನಿಗೆ ಹೇಳಿಲ್ಲ. ನಿನ್ನೆ ಫೋನ್ ಮಾಡಿದ್ದಳು. ಮೊಬೈಲಿನಲ್ಲಿ ನಿನ್ನ ಶೋ ತುಣುಕು ಕೇಳಿದಳಂತೆ. ಅಷ್ಟು ನಗುತ್ತಿದ್ದೀಯ ಅಂದಮೇಲೆ ಚೆನ್ನಾಗಿಯೇ ಇದ್ದೀಯ, ಬಿಡುವಿಲ್ಲದೆ ಫೋನ್ ಎತ್ತುತ್ತಿಲ್ಲ ಅಂದುಕೊಂಡಿದ್ದಾಳೆ. ಹಾಗಲ್ಲ ಅನ್ನುವುದನ್ನು ನೀನೇ ಹೇಳಬೇಕು ಮಗಳೇ. ಶೋ ಕೇಳಿದರೆ ಅವಳಿಗೆ ಅದು ಗೊತ್ತಾಗುವುದಿಲ್ಲ.

ನಿನ್ನ
ದೊಡ್ಡಮ್ಮ