ಕಂಪ್ಯೂಟರ್ ವ್ಯಾಲಿಡೇಷನ್ ಕೆಲಸದ ವಿಧಾನ ಮತ್ತು ದರದ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಬೀದರ್

ಮಾನ್ಯರೇ,

ಕೊಳಾರ ಮತ್ತು ಕಡೇಚೂರು ಕೈಗಾರಿಕಾ ಪ್ರದೇಶಗಳ ಔಷಧ ಘಟಕಗಳಿಗೆ ನಾವು ಮಾಡಿಕೊಡುತ್ತಿರುವ ವ್ಯಾಲಿಡೇಷನ್ ಕೆಲಸಕ್ಕೆ, ಎಂದರೆ ಯಂತ್ರ ಮತ್ತು ಕಂಪ್ಯೂಟರ್ ವ್ಯವಸ್ಥೆಗಳು ಉದ್ದೇಶಿಸಿದಂತೆಯೇ ನಡೆಯುತ್ತವೆಯೇ ಎಂದು ಪರೀಕ್ಷಿಸಿ ದಾಖಲಿಸುವ ಕೆಲಸಕ್ಕೆ, ಇದುವರೆಗೆ ಯಂತ್ರಕ್ಕಿಷ್ಟು ಎಂಬ ಒಂದೇ ದರವಿತ್ತು. ಬರುವ ತಿಂಗಳ ಒಂದನೇ ತಾರೀಖಿನಿಂದ ಈ ಪದ್ಧತಿ ಇರುವುದಿಲ್ಲ. ಇನ್ನು ಮುಂದೆ ಪ್ರತಿಯೊಂದು ವ್ಯವಸ್ಥೆಯನ್ನೂ ಮೊದಲು ಬಂದು ನೋಡಿ, ಅದು ಕೈಕೊಟ್ಟರೆ ಔಷಧದ ಗುಣಮಟ್ಟಕ್ಕೂ ದಾಖಲೆಗೂ ಎಷ್ಟು ಧಕ್ಕೆಯಾದೀತು ಎಂಬುದನ್ನು ನಿಮ್ಮ ಕ್ಯೂಎ (ಗುಣಮಟ್ಟ ಭರವಸೆ) ವಿಭಾಗದವರೊಂದಿಗೆ ಕುಳಿತು ಬರೆದಿಟ್ಟು, ಅದಕ್ಕೆ ತಕ್ಕಂತೆ ಪರೀಕ್ಷೆಗಳನ್ನೂ ದರವನ್ನೂ ನಿಗದಿ ಮಾಡುತ್ತೇವೆ. ಸಾದಾ ತೂಕದ ಯಂತ್ರ, ಪಿಎಚ್ ಮೀಟರ್‌ನಂಥವುಗಳ ಖರ್ಚು ಇಳಿಯುತ್ತದೆ. ಎಚ್‌ಪಿಎಲ್‌ಸಿ (ಔಷಧದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸಾಫ್ಟ್‌ವೇರ್, ಇಆರ್‌ಪಿ (ಖರೀದಿ, ದಾಸ್ತಾನು, ಲೆಕ್ಕಗಳನ್ನು ಒಟ್ಟಿಗೆ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಗೂ ನೀವು ಹೇಳಿ ಬರೆಸಿಕೊಂಡ ಬ್ಯಾಚ್ ದಾಖಲೆಯ ಪ್ರೋಗ್ರಾಂಗಳ ಖರ್ಚು ಏರುತ್ತದೆ. ಪರೀಕ್ಷೆ ನಡೆಸದೆ ಭರ್ತಿ ಮಾಡಿದ ಪ್ರೋಟೋಕಾಲ್ (ಪರೀಕ್ಷೆಯ ಕ್ರಮವನ್ನೂ ಫಲಿತಾಂಶವನ್ನೂ ಬರೆಯುವ ದಾಖಲೆ) ನಾವು ಹಿಂದೆಯೂ ಕೊಟ್ಟವರಲ್ಲ, ಮುಂದೆಯೂ ಕೊಡುವುದಿಲ್ಲ.

ಔಷಧ ತಯಾರಿಕೆಗೆ ನಮ್ಮ ದೇಶದ ನಿಯಮಾವಳಿಯಾದ ಶೆಡ್ಯೂಲ್ ಎಂನ ಪರಿಷ್ಕೃತ ರೂಪ 2023ರ ಡಿಸೆಂಬರ್ 28ರಂದು ಪ್ರಕಟವಾದ ಮೇಲೆ ಸಣ್ಣ ಘಟಕಗಳ ಮೇಲೆ ಬಿದ್ದಿರುವ ಖರ್ಚಿನ ಹೊರೆ ನಮಗೆ ಗೊತ್ತಿಲ್ಲದ್ದಲ್ಲ. ಆ ಹೊರೆಯ ಮೇಲೆ ಇದನ್ನೂ ಹೇರಬೇಕಾಗಿ ಬಂದಿರುವುದಕ್ಕೆ ಮನಸ್ಸಿನಿಂದ ಕ್ಷಮೆ ಕೋರುತ್ತೇವೆ.

ಆದರೆ ಪದೇ ಪದೇ ಕೇಳಿಬರುವ ಒಂದು ಮಾತಿಗೆ ಇಲ್ಲಿ ಉತ್ತರ ಕೊಡಲೇಬೇಕಾಗಿದೆ. ‘ಸಾಫ್ಟ್‌ವೇರ್ ಮಾರಿದವರೇ ವ್ಯಾಲಿಡೇಷನ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಮತ್ತೆ ನಿಮಗೇಕೆ ದುಡ್ಡು?’ ಎಂದು ಹಲವರು ಕೇಳುತ್ತಾರೆ. ಮಾರಾಟಗಾರರು ತಮ್ಮ ಸಾಫ್ಟ್‌ವೇರನ್ನು ತಮ್ಮ ಕಚೇರಿಯಲ್ಲಿ ಪರೀಕ್ಷಿಸಿರುತ್ತಾರೆ. ಆ ಕೆಲಸಕ್ಕೆ ಬೆಲೆಯಿದೆ, ಅವರ ದಾಖಲೆಗಳನ್ನು ನಾವೂ ಬಳಸಿಕೊಳ್ಳುತ್ತೇವೆ, ಅವರು ಸರಿಯಾಗಿ ಪರೀಕ್ಷಿಸಿದ್ದನ್ನು ಮತ್ತೊಮ್ಮೆ ಪರೀಕ್ಷಿಸಿ ಬಿಲ್ ಮಾಡುವುದಿಲ್ಲ. ಆದರೆ ನಿಮ್ಮ ಪ್ರಯೋಗಾಲಯದಲ್ಲಿ ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿದೆ, ಆಡಿಟ್ ಟ್ರೇಲ್ (ಯಾರು, ಯಾವಾಗ, ಏನನ್ನು ಬದಲಿಸಿದರು ಎಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ) ಆನ್ ಆಗಿದೆಯೋ ಇಲ್ಲವೋ, ಕಂಪ್ಯೂಟರಿನ ಗಡಿಯಾರವನ್ನು ಅನಲಿಸ್ಟ್ ಹಿಂದಕ್ಕೆ ತಿರುಗಿಸಬಲ್ಲನೇ ಎಂಬುದು ಅವರ ಸರ್ಟಿಫಿಕೇಟಿನಲ್ಲಿ ಇರಲು ಸಾಧ್ಯವೇ ಇಲ್ಲ. ಕಂಪ್ಯೂಟರಿನಲ್ಲಿಡುವ ದಾಖಲೆ ಮತ್ತು ಸಹಿಗಳ ಕುರಿತ ಅಮೆರಿಕದ 21 ಸಿಎಫ್‌ಆರ್ ಪಾರ್ಟ್ 11 ನಿಯಮ 1997ರಿಂದ, ಕಂಪ್ಯೂಟರ್ ವ್ಯವಸ್ಥೆಗಳ ಕುರಿತ ಯುರೋಪಿನ ಅನೆಕ್ಸ್ 11 ತನ್ನ 2011ರ ಪರಿಷ್ಕರಣೆಯಲ್ಲೂ, ಈ ಹೊಣೆಯನ್ನು ವ್ಯವಸ್ಥೆ ಬಳಸುವ ಘಟಕದ ಮೇಲೆಯೇ ಹೊರಿಸಿವೆ.

ನಾವು ಮಾಡುವುದೇನು ಎಂಬುದನ್ನು ಹೇಳುತ್ತೇವೆ. ಅನಲಿಸ್ಟ್ ಲಾಗಿನ್‌ನಲ್ಲಿ ಒಳಹೊಕ್ಕು ಒಂದು ಇಂಜೆಕ್ಷನ್ (ಎಚ್‌ಪಿಎಲ್‌ಸಿಗೆ ಒಂದು ಸಲ ಮಾದರಿ ಹಾಯಿಸಿದ್ದರ ದಾಖಲೆ) ಅಳಿಸಲು ನೋಡುತ್ತೇವೆ. ಇಂಟಿಗ್ರೇಷನ್ (ಗ್ರಾಫಿನ ಶಿಖರಗಳ ವಿಸ್ತೀರ್ಣ ಅಳೆಯುವ ಕ್ರಮ) ಬದಲಿಸಿ ಮರುಲೆಕ್ಕ ಮಾಡಿ, ಹಳೆಯ ಮೌಲ್ಯ, ಹೊಸ ಮೌಲ್ಯ, ಬದಲಿಸಿದವರ ಹೆಸರು, ಸಮಯ, ಕಾರಣ ಇವೆಲ್ಲ ಆಡಿಟ್ ಟ್ರೇಲ್‌ನಲ್ಲಿ ಬಂದಿವೆಯೇ ಎಂದು ಸಾಲು ಸಾಲಾಗಿ ನೋಡುತ್ತೇವೆ. ರನ್ ನಡೆಯುತ್ತಿರುವಾಗಲೇ ಕರೆಂಟ್ ತೆಗೆದು, ಅದುವರೆಗಿನ ದತ್ತಾಂಶ ಉಳಿಯಿತೇ ಎಂದು ಪರಿಶೀಲಿಸುತ್ತೇವೆ. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಹಳೆಯ ಕ್ರೊಮ್ಯಾಟೊಗ್ರಾಮ್ (ಎಚ್‌ಪಿಎಲ್‌ಸಿ ಬಿಡಿಸಿದ ಗ್ರಾಫ್) ಮತ್ತೆ ಬರುವುದನ್ನು ಕಣ್ಣಾರೆ ನೋಡಿಯೇ ಸಹಿ ಹಾಕುತ್ತೇವೆ. ಅಸ್ಸೇ (ಔಷಧಾಂಶ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಲೆಕ್ಕದ ಎಕ್ಸೆಲ್ ಹಾಳೆಯನ್ನಂತೂ ಒಂದೊಂದು ಕೋಶವಾಗಿ ಬಿಡಿಸುತ್ತೇವೆ. ತೇವಾಂಶ ಕಳೆಯುವ ಸೂತ್ರವಿರಬೇಕಾದ ಕೋಶದಲ್ಲಿ ಯಾರೋ ಒಮ್ಮೆ ಬರೀ ಸಂಖ್ಯೆಯನ್ನು ಟೈಪ್ ಮಾಡಿಬಿಟ್ಟರೆ, ಆಮೇಲಿನ ಪ್ರತಿ ಬ್ಯಾಚಿಗೂ ಅದೇ ತೇವಾಂಶ ಲೆಕ್ಕಕ್ಕೆ ಹೋಗುತ್ತದೆ. ಫಲಿತಾಂಶ ನೋಡಲು ಮಿತಿಯೊಳಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆ ಔಷಧವನ್ನು ನುಂಗುವ ರೋಗಿ ಇದನ್ನು ಪರೀಕ್ಷಿಸಲಾರ. ಅವನ ಪರವಾಗಿ ಪರೀಕ್ಷಿಸಬೇಕಾದವರು ನೀವು ಮತ್ತು ನಾವು.

ದರ ಏರಿಸಿ ಲಾಭ ಮಾಡಿಕೊಳ್ಳುತ್ತಿದ್ದಾರೆ ಎಂಬ ಮಾತೂ ಕಿವಿಗೆ ಬಿದ್ದಿದೆ. ಅದು ನೋವು ತಂದಿದೆ. ಒಂದು ಎಚ್‌ಪಿಎಲ್‌ಸಿಯ ಓಕ್ಯೂ (ಯಂತ್ರ ಸರಿಯಾಗಿ ನಡೆಯುತ್ತದೆಯೇ ಎಂಬ ಪರೀಕ್ಷೆ) ಎಂದರೆ ಒಬ್ಬರು ಪರೀಕ್ಷೆ ನಡೆಸಬೇಕು, ಇನ್ನೊಬ್ಬರು ಪರಿಶೀಲಿಸಬೇಕು. ಯಂತ್ರ ಖಾಲಿ ಸಿಗುವುದು ಬಹುಪಾಲು ರಾತ್ರಿ ಇಲ್ಲವೇ ಭಾನುವಾರ. ಔಷಧ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂದು ನೋಡುವ ಸ್ಟೆಬಿಲಿಟಿ ಚೇಂಬರ್‌ಗೆ ಇಡುವ ತಾಪ, ತೇವಾಂಶ ದಾಖಲಿಸುವ ನಮ್ಮ ಡೇಟಾ ಲಾಗರ್‌ಗಳನ್ನು ಪ್ರತಿ ವರ್ಷ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳುಹಿಸಿ ಕ್ಯಾಲಿಬ್ರೇಷನ್ ಮಾಡಿಸಬೇಕು. ಬೀದರಿನಿಂದ ಕಡೇಚೂರಿಗೆ ಹೋಗಿಬರುವ ಖರ್ಚು, ಅಲ್ಲಿ ತಂಗುವ ಖರ್ಚು ಬೇರೆ. ನಾವು ಕೈಹಿಡಿದು ಕಲಿಸಿದ ಹುಡುಗರನ್ನು ಹೈದರಾಬಾದಿನ ಕಂಪನಿಗಳು ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯುತ್ತವೆ. ಉಳಿದವರನ್ನು ಉಳಿಸಿಕೊಳ್ಳಲು ಅವರ ಸಂಬಳವನ್ನೂ ಏರಿಸಲೇಬೇಕಾಗಿದೆ. ಬಿಲ್ಲಿನಲ್ಲಿ ಕಾಣುವ ಜಿಎಸ್‌ಟಿ ನಮ್ಮ ಕೈಯಲ್ಲಿ ಉಳಿಯುವ ಹಣವಲ್ಲ.

ಕಡತ ತೆಳ್ಳಗಾಗಿ ಬಿಲ್ ದಪ್ಪಗಾಯಿತು ಎನ್ನುವವರಿಗೆ ಇಷ್ಟೇ ಹೇಳುತ್ತೇವೆ: ಈ ಕೆಲಸಕ್ಕೆ ಉದ್ಯಮದ ಮಾರ್ಗದರ್ಶಿಯಾದ ಗ್ಯಾಂಪ್ 5ರ, 2022ರಲ್ಲಿ ಬಂದ ಎರಡನೆಯ ಆವೃತ್ತಿ ಕೂಡ ಕಾಗದದ ರಾಶಿಗಿಂತ ವಿವೇಚನೆಯ ಪರೀಕ್ಷೆಗೇ ಒತ್ತು ಕೊಡುತ್ತದೆ. ತನಿಖಾಧಿಕಾರಿ ಪುಟ ಎಣಿಸುವುದಿಲ್ಲ, ಈ ಪರೀಕ್ಷೆಯನ್ನೇಕೆ ಮಾಡಿದಿರಿ, ಅದನ್ನೇಕೆ ಬಿಟ್ಟಿರಿ ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ನಮ್ಮ ಕಡತದಲ್ಲಿರುತ್ತದೆ.

ಈಗಾಗಲೇ ಒಪ್ಪಿಕೊಂಡ ವರ್ಕ್ ಆರ್ಡರ್‌ಗಳು ಹಳೆಯ ದರದಲ್ಲೇ ಮುಗಿಯುತ್ತವೆ. ಮೊದಲ ಭೇಟಿಗೆ ಶುಲ್ಕವಿಲ್ಲ. ಒಮ್ಮೆಗೇ ಹಣ ಹೊಂದಿಸಲಾಗದ ಸಣ್ಣ ಘಟಕಗಳವರು ಸಂಕೋಚಪಡದೆ ನನಗೇ ಫೋನ್ ಮಾಡಿ, ಕಂತುಗಳ ಬಗ್ಗೆ ಮಾತಾಡೋಣ. ತನಿಖೆಯ ದಿನ ನಿಮ್ಮ ವ್ಯವಸ್ಥೆಯನ್ನು ಪರೀಕ್ಷಿಸಿದ ನಮ್ಮ ವ್ಯಕ್ತಿಯೇ ಎಂದಿನಂತೆ ನಿಮ್ಮ ಪ್ಲಾಂಟಿನಲ್ಲಿರುತ್ತಾರೆ. ಅದಕ್ಕೆ ಬಿಲ್ ಮಾಡುವುದಿಲ್ಲ. ಹೊಸ ಕೆಲಸಕ್ಕೆ ಕರೆಯುವ ಮುನ್ನ ಆ ವ್ಯವಸ್ಥೆಯ ಯುಆರ್‌ಎಸ್ (ಅದರಿಂದ ನಿಮಗೇನು ಬೇಕು ಎಂದು ಬರೆದಿಟ್ಟ ದಾಖಲೆ) ಮತ್ತು ಬಳಕೆದಾರರ ಪಟ್ಟಿಯನ್ನು ಸಿದ್ಧವಾಗಿಟ್ಟರೆ ನಿಮ್ಮ ಖರ್ಚಿನಲ್ಲಿ ಒಂದು ದಿನದ ಕೆಲಸ ಉಳಿಯುತ್ತದೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ