ಹಿರಿಯರ ಜೊತೆ ಒಂದು ಹಾಳೆಯೂ ಆಸ್ಪತ್ರೆಗೆ ಹೋಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ವೃದ್ಧಾಶ್ರಮಗಳಿಂದ ರಾತ್ರಿ ಹೊತ್ತು 108ರಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ ಹಿರಿಯರ ಜೊತೆ ಎಷ್ಟೋ ಸಲ ಆ ಪಾಳಿಯ ಆಯಾ ಒಬ್ಬರೇ ಇರುತ್ತಾರೆ. ಯಾವ ಮಾತ್ರೆ, ಕೊನೆಗೆ ಯಾವಾಗ ಕೊಟ್ಟದ್ದು ಎಂದರೆ ಆಕೆಗೆ ಗೊತ್ತಿರುವುದಿಲ್ಲ. ಅದು ಆಕೆಯ ತಪ್ಪಲ್ಲ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಸಿ.ಟಿ. ಸ್ಕ್ಯಾನ್ ಬೇಕು. ಮಾತ್ರೆಯ ವಿಷಯ ಹೇಳುವವರಿಲ್ಲದಿದ್ದರೆ ಅಂಥವರು ಟ್ರಾಲಿಯ ಮೇಲೇ ಕಾಯುತ್ತಾರೆ.

ಪ್ರತಿಯೊಬ್ಬರಿಗೂ ಒಂದು ಹಾಳೆ ಮೊದಲೇ ಬರೆದಿಡಬೇಕು: ಮಾತ್ರೆಗಳ ಹೆಸರು, ಪ್ರಮಾಣ, ಒಗ್ಗದ ಔಷಧ, ಹಳೆಯ ಕಾಯಿಲೆಗಳು, ಇಬ್ಬರು ಬಂಧುಗಳ ಫೋನ್ ನಂಬರು (ಒಬ್ಬರಾದರೂ ಊರಲ್ಲೇ ಇರುವವರು). ಇದಕ್ಕಿಂತ ಮುಖ್ಯವಾದದ್ದು, ಮಾಮೂಲಿ ದಿನಗಳಲ್ಲಿ ಅವರು ಹೇಗೆ ನಡೆಯುತ್ತಾರೆ, ಎಷ್ಟು ಮಾತಾಡುತ್ತಾರೆ ಎಂಬ ಎರಡು ಸಾಲು. ಮೂತ್ರದ ಸೋಂಕು, ನ್ಯುಮೋನಿಯಾ ಈ ವಯಸ್ಸಿನಲ್ಲಿ ಜ್ವರವೇ ಇಲ್ಲದೆ ಬರೀ ಗೊಂದಲವಾಗಿ ಶುರುವಾಗುವುದುಂಟು. ನಿನ್ನೆಯವರೆಗೆ ಪೇಪರ್ ಓದುತ್ತಿದ್ದವರು ಎಂದು ಯಾರೂ ಹೇಳದಿದ್ದರೆ ಅದು ವಯಸ್ಸಿನ ಮರೆವು ಎನಿಸಿಕೊಂಡು ಹೋಗುತ್ತದೆ. ಕನ್ನಡಕ, ಕಿವಿಯ ಮೆಷಿನ್ ಕೂಡ ಜೊತೆಗಿರಲಿ. ಅವಿಲ್ಲದೆ ಗೊಂದಲ ಇನ್ನೂ ಹೆಚ್ಚುತ್ತದೆ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ 108. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವುದು ನಾಲ್ಕೂವರೆ ಗಂಟೆ, ಅದೂ ಅವರು ಕೊನೆಯ ಬಾರಿ ಸರಿಯಿದ್ದದ್ದನ್ನು ಕಂಡ ಹೊತ್ತಿನಿಂದ. ಆ ಹೊತ್ತನ್ನು ಬರೆದು ಕಳಿಸಿ. ಸುಮ್ಮನೆ ಮಂಕಾಗಿದ್ದರೆ ಮೊದಲು ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದು ನುಂಗಲು ಬರುವವರಿಗೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ಸಾಲದವರ ಬಾಯಿಗೆ ಏನೂ ಹಾಕಬೇಡಿ. ಕ್ಯಾತಿಟರ್ (ಮೂತ್ರದ ಕೊಳವೆ) ಕಟ್ಟಿಕೊಂಡರೆ ಅದನ್ನು ಬದಲಿಸಲು ಮಾತ್ರ ಸಾಮಾನ್ಯವಾಗಿ ತರಬೇತಿಯಾದ ನರ್ಸ್ ಸಾಕು. ಅದಕ್ಕಾಗಿ ಆಸ್ಪತ್ರೆಗೆ ತಂದು ಟ್ರಾಲಿಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಮಲಗಿಸಿದರೆ ಹಿಮ್ಮಡಿ, ಸೊಂಟದ ಚರ್ಮ ಕೆಂಪಾಗಿ ಹುಣ್ಣಿಗೆ ದಾರಿಯಾಗುತ್ತದೆ.

ವಾಪಸು ಬಂದ ದಿನವೂ ಅಪಾಯದ್ದೇ. ಆಸ್ಪತ್ರೆ ಬೇರೆ ಕಂಪನಿಯ ಹೆಸರಿನಲ್ಲಿ ಬರೆದ ಅದೇ ಬಿಪಿ ಮಾತ್ರೆ ಹಳೆಯದರ ಜೊತೆ ಸೇರಿ ಎರಡೆರಡಾಗುತ್ತದೆ. ಮಾರನೆಯ ಬೆಳಿಗ್ಗೆ ಎದ್ದು ನಿಂತವರು ತಲೆಸುತ್ತಿ ಬೀಳುತ್ತಾರೆ. ಯಾವುದು ನಿಲ್ಲಿಸಿದ್ದು, ಯಾವುದು ಹೊಸದು ಎಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಬೇಕು.

2007ರ ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ ಆಸ್ಪತ್ರೆಗಳಲ್ಲಿ ಅವರಿಗೆ ಪ್ರತ್ಯೇಕ ಸರದಿ ಇರಬೇಕು ಎನ್ನುತ್ತದೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಈ ಒಂದು ಹಾಳೆಯನ್ನೂ ಎಲ್ಲ ವೃದ್ಧಾಶ್ರಮಗಳಿಗೆ ಕಡ್ಡಾಯ ಮಾಡಲಿ, ತಪಾಸಣೆಗೆ ಹೋದಾಗ ಅದನ್ನು ಕೇಳಿ ನೋಡಲಿ.

– ಹಿರಿಯರ ಆರೈಕೆಯ ದಾದಿಯರು, ಬೆಂಗಳೂರು