ಕುರ್ಚಿ ತುಂಬಿದ್ದರೆ ಸಾಕೇ?

ಸಂಪಾದಕರಿಗೆ,

ಸರ್ಕಾರಿ ಕಚೇರಿಯೊಂದರ ಖಾಲಿ ಕುರ್ಚಿಗಳ ಚಿತ್ರ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ‘ಸಿಬ್ಬಂದಿ ಎಲ್ಲಿ?’ ಎಂಬ ಶೀರ್ಷಿಕೆ ಬೇರೆ. ಅಂಥ ಚಿತ್ರಕ್ಕೆ ಅರ್ಹರಾದವರು ನಮ್ಮಲ್ಲಿ ಇದ್ದಾರೆ, ಅಲ್ಲಗಳೆಯುವುದಿಲ್ಲ. ಹನ್ನೊಂದಕ್ಕೆ ಬಂದು ಮೂರಕ್ಕೆ ಮಾಯವಾಗುವವರ ಪರವಾಗಿ ವಕಾಲತ್ತು ವಹಿಸುವ ಇರಾದೆ ನನಗಿಲ್ಲ. ಆದರೆ ಕುರ್ಚಿ ತುಂಬಿದ್ದರೆ ಕೆಲಸ ನಡೆದಿದೆ, ಖಾಲಿ ಇದ್ದರೆ ನಿಂತಿದೆ ಎಂಬ ಲೆಕ್ಕ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಐದು ನಿಮಿಷ ಎದ್ದು ಕಾಲಾಡಿಸಿ ಬರಲೂ ನಮ್ಮ ಕಚೇರಿಗಳಲ್ಲಿ ಜನ ಅಂಜುತ್ತಾರೆ.

ನಾನು ಕಲಬುರಗಿಯ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ವೇತನ ಬಿಲ್ಲು, ರಜೆ, ಸೇವಾ ಪುಸ್ತಕ ನನ್ನ ಪಾಲಿನ ಕೆಲಸ. ಸೇವೆಗೆ ಸೇರಿದ ಹೊಸದರಲ್ಲಿ ಹಳೆಯ ಕಡತ ಬೇಕೆಂದರೆ ಅಭಿಲೇಖಾಲಯಕ್ಕೆ ಹೋಗಿ, ಏಣಿ ಹತ್ತಿ, ಗಂಟು ಬಿಚ್ಚಬೇಕಿತ್ತು. ಬಿಲ್ಲು ಹಿಡಿದು ಖಜಾನೆಗೆ ಹೋಗಬೇಕಿತ್ತು. ಆಕ್ಷೇಪಣೆ ಹಾಕಿದರೆ ಮತ್ತೊಮ್ಮೆ ಹೋಗಬೇಕಿತ್ತು. ಈಗ ಕಡತಕ್ಕೆ ಇ-ಕಚೇರಿ, ವೇತನ ಮತ್ತು ಸೇವಾ ವಿವರಕ್ಕೆ ಎಚ್‌ಆರ್‌ಎಂಎಸ್, ಬಿಲ್ಲಿಗೆ ಖಜಾನೆ-2 ಎಂಬ ಕಂಪ್ಯೂಟರ್ ವ್ಯವಸ್ಥೆಗಳು. ಕಡತ ತಾನಾಗಿ ಪರದೆಗೆ ಬರುತ್ತದೆ, ತಾನಾಗಿ ಹೋಗುತ್ತದೆ. ದೂಳು ತಪ್ಪಿತು, ಖಜಾನೆಯ ಬಾಗಿಲು ಕಾಯುವುದು ತಪ್ಪಿತು. ಆ ಕಾಲ ಮರಳಿ ಬರಲಿ ಎಂದು ನನಗೆ ಖಂಡಿತ ಅನಿಸುವುದಿಲ್ಲ. ಆದರೆ ಅದರ ಜೊತೆಗೆ, ದಿನವಿಡೀ ನಮಗರಿವಿಲ್ಲದೆ ಆಗುತ್ತಿದ್ದ ಓಡಾಟವೂ ಹೋಯಿತು. ಪಕ್ಕದ ಮೇಜಿನವರಿಗೂ ಈಗ ವಾಟ್ಸ್‌ಆ್ಯಪ್ ಸಂದೇಶ. ಆಳಂದದ ಕಡೆಯಿಂದ ಬಸ್ಸಿನಲ್ಲಿ ಬರುವ ನನಗೆ ಶಕ್ತಿ ಯೋಜನೆ ಜಾರಿಯಾದ ಮೇಲೆ ಸೀಟು ಸಿಗುವುದು ಅಪರೂಪ. ನನ್ನ ಕಾಲಿಗೆ ಸರ್ಕಾರ ಮಾಡಿದ ಉಪಕಾರ ಅದೊಂದೇ ಎಂದು ಸಹೋದ್ಯೋಗಿಗಳು ನಗುತ್ತಾರೆ.

ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಶಾಖೆಯ ಮೇಜುಗಳ ಕೆಳಗೆ ಒಮ್ಮೆ ಬಗ್ಗಿ ನೋಡಬೇಕು. ಅರ್ಧಕ್ಕರ್ಧ ಜನ ಚಪ್ಪಲಿ ಕಳಚಿಟ್ಟಿರುತ್ತಾರೆ. ಪಾದ ಊದಿಕೊಂಡು, ಚಪ್ಪಲಿ ಪಟ್ಟಿಯ ಗುರುತು ಬೆರಳಿಗೆ ತಗ್ಗು ತಿಳಿಯುವಷ್ಟು ಆಳವಾಗಿ ಒತ್ತಿರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಕುಳಿತಲ್ಲೇ ಕುಳಿತಾಗ ಆ ಕೆಲಸ ನಿಂತು ಕಾಲಿನಲ್ಲಿ ನೀರು ಇಳಿಯುತ್ತದೆ. ಕುರ್ಚಿಗಳಂತೂ ಒಂದು ಪಕ್ಕಕ್ಕೆ ವಾಲಿವೆ. ಹಳೆಯ ಕೌದಿಯ ತುಂಡೊಂದನ್ನು ಮನೆಯಿಂದ ತಂದು, ಮಡಚಿ ಹಾಸಿಕೊಂಡು ಸರಿದೂಗಿಸಿದ್ದೇನೆ.

ಗಂಡಸರು ಬರೆಯದ ವಿಷಯವೊಂದಿದೆ, ಅದನ್ನು ನಾನೇ ಬರೆಯುತ್ತೇನೆ. ನಮ್ಮಲ್ಲಿ ಮಹಿಳೆಯರ ಶೌಚಾಲಯಕ್ಕೆ ಬೀಗ. ಹೊರಗಿನವರು ಬಂದು ಗಲೀಜು ಮಾಡುತ್ತಾರೆಂದು ಕೀಲಿಕೈಯನ್ನು ಅಧೀಕ್ಷಕರ ಮೇಜಿನ ಡ್ರಾಯರಿನಲ್ಲಿ ಇಡಲಾಗಿದೆ. ಅವರೆದುರು ನಾಲ್ಕು ಜನ ಸಾರ್ವಜನಿಕರು ನಿಂತಿರುವಾಗ ‘ಸರ್, ಕೀಲಿಕೈ’ ಎಂದು ಕೈಚಾಚುವುದಕ್ಕಿಂತ ನೀರು ಕುಡಿಯದಿರುವುದೇ ಲೇಸೆಂದು ನಮ್ಮ ಹೆಣ್ಣುಮಕ್ಕಳು ತೀರ್ಮಾನಿಸಿಬಿಟ್ಟಿದ್ದಾರೆ. ತುಂಬಿಸಿ ತಂದ ಬಾಟಲಿ ಹಾಗೆಯೇ ಮನೆಗೆ ಮರಳುತ್ತದೆ, ಅದೂ ಕಲಬುರಗಿಯ ಬಿಸಿಲಿನಲ್ಲಿ. ನೀರು ಕುಡಿಯದವರು ಏಳುವುದೂ ಇಲ್ಲ. ಗಂಟೆಗೊಮ್ಮೆ ಎದ್ದು ಓಡಾಡಿ ಎಂದು ವೈದ್ಯರು ಹೇಳಿದರೆ, ಎದ್ದು ಎಲ್ಲಿಗೆ ಹೋಗೋಣ?

ಸಭೆಗಳದ್ದು ಇನ್ನೊಂದು ಕಥೆ. ಬೆಂಗಳೂರಿನಿಂದ ವಿಡಿಯೊ ಕಾನ್ಫರೆನ್ಸ್ ಎಂದರೆ ಎಲ್ಲ ಜಿಲ್ಲೆಗಳೂ ಏಕಕಾಲಕ್ಕೆ ಹಾಜರಿದ್ದು ಸರದಿ ಕಾಯಬೇಕು. ನಮ್ಮ ಜಿಲ್ಲೆಯ ಅಂಕಿಅಂಶ ಕೇಳುವುದು ಎರಡು ನಿಮಿಷ. ಅಷ್ಟಕ್ಕಾಗಿ ಸಾಹೇಬರ ಹಿಂದೆ ಕಡತ ಹಿಡಿದು ಕುಳಿತ ವಿಷಯ ನಿರ್ವಾಹಕರು ಅರ್ಧ ದಿನ ಅಲುಗಾಡುವಂತಿಲ್ಲ.

ಕುಳಿತು ದುಡಿಯುವವರ ಆರೋಗ್ಯದ ಪ್ರಶ್ನೆ ಹೊಸದೇನಲ್ಲ. ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ನೋಡಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿಯುವವರು. ಆದರೆ ಸೀಟು ಬಿಟ್ಟೇಳದ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು, ಬಂದರೂ ತಡವಾಗಿ ಬರುತ್ತಿತ್ತು. ಪತ್ರ ಹಂಚುವ ಅಂಚೆಯವರಿಗೂ ಒಳಗೆ ಕುಳಿತ ಗುಮಾಸ್ತರಿಗೂ ನಡುವೆ ಇಂಥದೇ ಅಂತರ ಕಂಡಿತು. ಚಾಲಕರು ಮೊದಲೇ ದಪ್ಪಗಿದ್ದರೇನೋ ಎಂಬ ಅನುಮಾನ ಬಂದು, ಅದೇ ಸಂಶೋಧಕರು ಸಮವಸ್ತ್ರದ ದಾಖಲೆ ತೆಗೆಸಿ ಪ್ಯಾಂಟಿನ ಸೊಂಟದಳತೆಯನ್ನೂ ಪರಿಶೀಲಿಸಿದರು. ಹೌದು, ಚಾಲಕರ ಸೊಂಟ ದೊಡ್ಡದೇ ಎಂದು 1956ರಲ್ಲಿ ಬರೆದರು. ಎಲ್ಲ ತಪ್ಪನ್ನೂ ಸೀಟಿನ ತಲೆಗೆ ಕಟ್ಟುವಂತಿಲ್ಲ ಎಂದಾಯಿತು. ತಮ್ಮ ಲೆಕ್ಕವನ್ನು ತಾವೇ ಮರುಪರಿಶೀಲಿಸುವ ಈ ಬುದ್ಧಿ ನಮ್ಮ ಲೆಕ್ಕಪತ್ರ ಶಾಖೆಗೂ ಬರಬಾರದೇ!

ಬೆಳಿಗ್ಗೆ ಅಪ್ಪನ ಕೆರೆಯ ಕಡೆ ವಾಕಿಂಗ್ ಮಾಡಿ ಬಂದರೆ ಸಾಲದೇ ಎನ್ನುವವರಿದ್ದಾರೆ. ಮಾಡಬೇಕು, ಬೇಡವೆನ್ನುವುದಿಲ್ಲ. ಆದರೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗೂ ಮೀರಿ ಕೂರುವುದರಿಂದ ಹೆಚ್ಚುವ ಅಪಾಯ ಅಳಿಯಬೇಕಾದರೆ ನಿತ್ಯ 60ರಿಂದ 75 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಸ್ ಹಿಡಿಯುವ ಹೆಣ್ಣುಮಗಳು ಆ ಒಂದೂಕಾಲು ಗಂಟೆಯನ್ನು ಎಲ್ಲಿಂದ ತರಬೇಕು? ಕುಳಿತಿರುವ ಹೊತ್ತನ್ನು ತಗ್ಗಿಸಿ, ಬದಲಿಗೆ ಹಗುರವಾಗಿ ಓಡಾಡಿದರೂ ಪ್ರಯೋಜನವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಸಕ್ಕರೆ ಕಾಯಿಲೆಯವರಿಗೆ ಅರ್ಧ ಗಂಟೆಗೊಮ್ಮೆ ಏಳಬೇಕೆಂಬ ಸಲಹೆಯೇ ಇದೆ. ಊಟದ ನಂತರ ಕಾಲಿನ ಸ್ನಾಯುಗಳು ಸ್ವಲ್ಪ ದುಡಿದರೂ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜು ಮಾಡಿತ್ತು. ಡಬ್ಬಿ ಬಿಚ್ಚುವ ಮುಂಚೆ ನಮ್ಮ ಶಾಖೆಯಲ್ಲಿ ಎಷ್ಟು ಜನ ಮಾತ್ರೆ ನುಂಗುತ್ತಾರೆಂದು ನೋಡುವ ನನಗೆ ಆ ಸಂಖ್ಯೆ ಅಚ್ಚರಿ ತರಲಿಲ್ಲ.

ನಮ್ಮ ಭಾಗಕ್ಕೇ ಮೀಸಲಾದ ತೊಂದರೆಯೂ ಒಂದಿದೆ. ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗೂ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಿಗದಿಪಡಿಸಲಾಗುತ್ತದೆ. ಈ ಏರ್ಪಾಡು ಬೇಕೇ ಬೇಕು. ಆದರೆ ಊಟದ ವಿರಾಮವಿಲ್ಲದ ಐದೂವರೆ ಗಂಟೆ ಒಂದೇ ಸಮನೆ ಕುಳಿತಿರಬೇಕಾಗುತ್ತದೆ. ಹೊರಬಿದ್ದ ಮೇಲೆ ನಡೆಯುವ ಮಾತೆಲ್ಲಿ? ನೆತ್ತಿ ಸುಡುವ ಬಿಸಿಲಿನಲ್ಲಿ ಹೇಗೋ ಮನೆ ಸೇರಿ ಫ್ಯಾನಿನ ಕೆಳಗೆ ಬೀಳುವುದಷ್ಟೇ.

ಹಾಗೆಂದು ನಿಂತು ಕೆಲಸ ಮಾಡುವ ಮೇಜು ಕೊಡಿಸಿ ಎಂದು ಕೇಳುತ್ತಿಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಸೀರೆ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗಿಯರನ್ನು ಕೇಳಿದರೆ ನಿಲ್ಲುವ ಸುಖ ಎಂಥದೆಂದು ಹೇಳುತ್ತಾರೆ. ಅಂಗಡಿ ನೌಕರರಿಗೆ ಆಸನ ಒದಗಿಸಲು ಕೇರಳ ಕಾನೂನನ್ನೇ ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ಅವರನ್ನು ಕೂರಲು ಬಿಡುವುದಿಲ್ಲ, ನಮ್ಮನ್ನು ಏಳಲು ಬಿಡುವುದಿಲ್ಲ. ಎರಡೂ ಕಡೆ ಮೇಲಿನವರಿಗೆ ಬೇಕಿರುವುದು ಕಣ್ಣಿಗೆ ಕಾಣುವ ದುಡಿಮೆ.

ಕೇಂದ್ರದ ಆಯುಷ್ ಸಚಿವಾಲಯ ದುಡಿಯುವವರಿಗಾಗಿ ‘ವೈ-ಬ್ರೇಕ್’ ಎಂಬ ಐದು ನಿಮಿಷದ ಯೋಗವನ್ನು ರೂಪಿಸಿ, 2021ರಲ್ಲಿ ಅದರ ಆ್ಯಪ್ ಬಿಡುಗಡೆ ಮಾಡಿತು. ಒಳ್ಳೆಯದೇ. ಆದರೆ ಪಿಂಚಣಿ ಕಾಗದಕ್ಕೆ ಬಂದ ಅಜ್ಜ ಎದುರಿಗೆ ನಿಂತಿರುವಾಗ ನಾನು ಕೈ ಮೇಲೆತ್ತಿ ಉಸಿರೆಳೆದುಕೊಂಡರೆ, ಸಂಜೆಯೊಳಗೆ ಆ ವಿಡಿಯೊ ಊರೆಲ್ಲ ಹರಿದಾಡುತ್ತದೆ. ಆದ್ದರಿಂದ ಏಳುವುದಕ್ಕೆ ಬಹಿರಂಗ ಅನುಮತಿ ಬೇಕು. ಬ್ಯಾಂಕಿನಲ್ಲಿ ಊಟದ ವೇಳೆಯ ಫಲಕ ಇರುವಂತೆ ವಿರಾಮದ ವೇಳೆಯನ್ನೂ ಗೋಡೆಗೆ ಬರೆದು ಹಾಕಲಿ. ಆ ಹೊತ್ತಿನಲ್ಲಿ ಇಬ್ಬರಲ್ಲಿ ಒಬ್ಬರು ಸರದಿಯಂತೆ ಕುಳಿತಿರಲಿ, ಬಂದವರ ಕೆಲಸವೂ ನಿಲ್ಲದು. ವಿಡಿಯೊ ಕಾನ್ಫರೆನ್ಸ್‌ಗೆ ಜಿಲ್ಲಾವಾರು ಸಮಯ ಕೊಡಲಿ. ಪ್ರಿಂಟರನ್ನು ಮೇಜಿನ ಮಗ್ಗುಲಿನಿಂದ ತೆಗೆದು ಪಡಸಾಲೆಯಲ್ಲಿ ಇಡುವುದಕ್ಕಂತೂ ಯಾರ ಮಂಜೂರಾತಿಯೂ ಬೇಡ.

ಬೇಸಿಗೆ ವೇಳೆಯ ಆದೇಶ ಹೇಗೂ ಹೊರಡುತ್ತದೆ. ಬರುವ ಸಲ ಅದರಲ್ಲಿ ಹತ್ತು ಹತ್ತು ನಿಮಿಷದ ಎರಡು ವಿರಾಮಗಳೆಂದು ಒಂದು ಸಾಲು ಸೇರಿಸಲು ಸರ್ಕಾರಕ್ಕೆ ಬಿಡಿಗಾಸೂ ಖರ್ಚಾಗದು. ಶೌಚಾಲಯದ ಬೀಗ ತೆಗೆಯುವುದಕ್ಕೆ ಮಾತ್ರ ಸ್ವಲ್ಪ ಖರ್ಚಿದೆ: ನಿತ್ಯ ತೊಳೆಯುವವರೊಬ್ಬರನ್ನು ನೇಮಿಸಬೇಕು. ನಡತೆ ನಿಯಮಗಳ ಭಯವಿರುವುದರಿಂದ ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ.

— ಪ್ರಥಮ ದರ್ಜೆ ಸಹಾಯಕಿ, ಕಲಬುರಗಿ